ನಿಮಗಿದು ಗೊತ್ತೆ? ಬಿಸಿಲ ಸೀಮೆಯಲ್ಲಿ ನೆಲೆಸುವ ಮುನ್ನ

● ವರ್ಷಕ್ಕೆ ಸಾಮಾನ್ಯವಾಗಿ 250 ಮಿಲಿಮೀಟರಿಗಿಂತ ಕಡಿಮೆ ಮಳೆಯಾಗುವ ಪ್ರದೇಶವನ್ನು ಮರುಭೂಮಿಯೆಂದು ಗುರುತಿಸುವುದರಿಂದ, ಸುಮಾರು 600 ಮಿಲಿಮೀಟರ್ ಮಳೆ ಪಡೆಯುವ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳು ಮರುಭೂಮಿಯಲ್ಲ. ಇದು, ಪಶ್ಚಿಮ ಘಟ್ಟಗಳು ಮುಂಗಾರು ಮೋಡಗಳನ್ನು ತಡೆದು ಮಳೆ ಸುರಿಸಿಕೊಂಡ ಬಳಿಕ ಉಳಿದಷ್ಟೇ ತಲುಪುವ ಮಳೆನೆರಳಿನ ಅರೆಶುಷ್ಕ ನಾಡು.

● ಇಲ್ಲಿನ ಎರೆಮಣ್ಣು, ಅಂದರೆ ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವ ಕಪ್ಪು ಜಿಗುಟು ಮಣ್ಣು, ಮನೆಯ ಗೋಡೆಗಳನ್ನೇ ಸೀಳಬಲ್ಲದಾದ್ದರಿಂದ, ತಳಪಾಯವನ್ನು ಅದರಡಿಯ ಗಟ್ಟಿ ಪದರದವರೆಗೆ ಇಳಿಸುವುದು ಕ್ಷೇಮಕರ.

● ಜಿಲ್ಲೆಯಲ್ಲಿ ಹರಿಯುವ ಡೋಣಿ ನದಿಯ ನೀರು ಉಪ್ಪಾಗಿದ್ದು, ಅದರ ಕಣಿವೆಯ ಅಂತರ್ಜಲವೂ ಹಲವೆಡೆ ಸವಳಾಗಿರುವುದರಿಂದ, ನಿವೇಶನ ಕೊಳ್ಳುವವರು ಕೊಳವೆಬಾವಿಯ ನೀರನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು.

● ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ, ದಪ್ಪ ಗೋಡೆಗಳ ಮೇಲೆ ಮಣ್ಣು ಹಾಸಿದ ಸಮತಟ್ಟಾದ ಚಾವಣಿಯುಳ್ಳ ಮಾಳಿಗೆ ಮನೆಗಳು ಹಗಲಿನ ಕಾವು ಒಳನುಗ್ಗುವುದನ್ನು ನಿಧಾನಗೊಳಿಸುತ್ತವೆ.

● ಇದೇ ಜಿಲ್ಲೆಯ ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರಕ್ಕೂ ಸುತ್ತಲಿನ ಹೊಲಗಳಿಗೂ ನೀರೊದಗಿಸುವ, 519.60 ಮೀಟರ್ ಮಟ್ಟದವರೆಗೆ ತುಂಬುವ ಆಲಮಟ್ಟಿ ಜಲಾಶಯಕ್ಕಾಗಿ ಹಲವು ಹಳ್ಳಿಗಳು ಮುಳುಗಡೆಯಾಗಿ ಸಾವಿರಾರು ಕುಟುಂಬಗಳು ಪುನರ್ವಸತಿ ಕೇಂದ್ರಗಳಿಗೆ ತೆರಳಿರುವುದರಿಂದ, ಹೊಸದಾಗಿ ನೆಲೆಸುವ ಪ್ರತಿಯೊಬ್ಬರೂ ಆ ನೀರನ್ನು ಹಿತಮಿತವಾಗಿ ಬಳಸುವುದು ನ್ಯಾಯ.