ಕರೆಂಟ್ ಹೋದ್ರೂ ಲ್ಯಾಂಡ್‌ಲೈನ್ ಹೇಗೆ ನಡೀತಿತ್ತು?

ಹುದಿಕೇರಿಯಿಂದ ಮಾತಾಡ್ತಿದ್ದೀನಿ. ನಮ್ಮ ಕಡೆ ಮಳೆಗಾಲ ಅಂದ್ರೆ ಗೊತ್ತಲ್ಲ, ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತೆ. ಟವರಿನ ಬ್ಯಾಟರಿ ಮುಗಿದ ಮೇಲೆ ಮೊಬೈಲಲ್ಲಿ ಸಿಗ್ನಲ್ಲೂ ಇರಲ್ಲ. ಆದ್ರೆ ಮನೆ ಹಿರಿಯರನ್ನ ಕೇಳಿ ನೋಡಿ. ಫೋನ್ ತಂತಿ ಕಡಿಯದೇ ಇದ್ರೆ, ಕತ್ತಲಲ್ಲೂ ಲ್ಯಾಂಡ್‌ಲೈನಿಗೆ ಡಯಲ್ ಟೋನ್ ಬರ್ತಿತ್ತು. ಹೇಗೆ? ಉತ್ತರ ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡದಲ್ಲಿದೆ.

ಆ ಕಟ್ಟಡಗಳನ್ನ ಕಟ್ಟಿದ್ದೇ ಯಂತ್ರದ ಅಳತೆಗೆ. ಅಮೆರಿಕದ ಆಲ್ಮನ್ ಸ್ಟ್ರೌಜರ್, ಆಪರೇಟರ್ ಇಲ್ಲದೆ ಲೈನ್ ಜೋಡಿಸುವ ಸ್ವಿಚ್‌ಗೆ 1891ರಲ್ಲಿ ಪೇಟೆಂಟ್ ಪಡೆದ. 1948ರಲ್ಲಿ ಶುರುವಾದ ಬೆಂಗಳೂರಿನ ಐಟಿಐ ಕೂಡ ಸ್ಟ್ರೌಜರ್ ಎಕ್ಸ್‌ಚೇಂಜ್ ತಯಾರಿಸ್ತಿತ್ತು. ಇದರ ಸ್ವಿಚ್‌ಗಳನ್ನ ಆಳಿಗಿಂತ ಎತ್ತರದ ಕಬ್ಬಿಣದ ರ್‍ಯಾಕ್‌ಗಳಲ್ಲಿ ಸಾಲಾಗಿ ಜೋಡಿಸ್ತಿದ್ರು. ಅದಕ್ಕೇ ಎತ್ತರದ ಚಾವಣಿ, ಭಾರ ತಡೆಯೋ ನೆಲ. ಧೂಳು ಕೂತ್ರೆ ಕರೆ ಕೆಡುತ್ತೆ, ಹಾಗಾಗಿ ಸ್ವಿಚ್ ಕೋಣೆಯನ್ನ ಧೂಳು ಬಾರದ ಹಾಗೆ ಇಡಬೇಕಿತ್ತು. ಊರಿನ ಕೇಬಲ್‌ಗಳೆಲ್ಲ ನೆಲದಡಿಯಿಂದ ಒಳಗೆ ಬರ್ತಿದ್ವು.

ಇನ್ನು ಮುಖ್ಯವಾದದ್ದು ಬ್ಯಾಟರಿ ಕೋಣೆ. ತಲಾ 2 ವೋಲ್ಟಿನ 24 ಸೀಸದ ಸೆಲ್, ಒಟ್ಟು 48 ವೋಲ್ಟ್. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಗಾಳಿ ಹೊರಗೆ ಹೋಗ್ಲೇಬೇಕು. ಆಸಿಡ್ ಚೆಲ್ಲಿದ್ರೂ ಹಾಳಾಗದ ನೆಲ ಬೇಕು. ಅದಕ್ಕೇ ಈ ಕೋಣೆ ಬೇರೆ. ಇಲ್ಲಿಂದಲೇ ತಾಮ್ರದ ತಂತಿಯಲ್ಲಿ ನಿಮ್ಮ ಮನೆ ಫೋನಿಗೆ ಕರೆಂಟ್ ಹರೀತಿತ್ತು. ಮನೆಯ ಕರೆಂಟ್ ಅದಕ್ಕೆ ಬೇಕೇ ಇರಲಿಲ್ಲ!

ಕಟ್ಟಡ ಚಿಕ್ಕದಾಗಿದ್ದು ಆಮೇಲೆ. ಸಿ-ಡಾಟ್ ರೂಪಿಸಿದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಶುರುವಾಗಿದ್ದು ನಮ್ಮ ಕಿತ್ತೂರಿನಲ್ಲೇ. ಅದಕ್ಕೆ ಎಸಿ ಬೇಡ, ಸಾಧಾರಣ ಕೋಣೆ ಸಾಕು. ಹಳ್ಳಿಗಳಿಗೆ ಫೋನ್ ಬರೋಕೆ ಇದು ದೊಡ್ಡ ಕಾರಣ. ಆದ್ರೆ ಬ್ಯಾಟರಿ ಮಾತ್ರ ಅಲ್ಲೂ ಇತ್ತು.

ಈಗಿನ ಫೈಬರ್ ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತೆ, ಕರೆಂಟ್ ಹರಿಯಲ್ಲ. ಮನೇಲಿ ಪವರ್ ಹೋದ್ರೆ ಮೋಡೆಮ್ ಆಫ್, ಅದರ ಜೊತೆಗಿರೋ ಫೋನೂ ಆಫ್. ನಾನು ಬಿಕಾಂ ಓದಿದವನು, ಲೆಕ್ಕದ ಭಾಷೇಲಿ ಹೇಳ್ತೀನಿ: ಬ್ಯಾಟರಿ ಖರ್ಚು ಎಕ್ಸ್‌ಚೇಂಜಿನ ಖಾತೆಯಿಂದ ನಮ್ಮ ಖಾತೆಗೆ ಬಂತು, ನಮಗೆ ಗೊತ್ತೇ ಆಗಲಿಲ್ಲ.

ಮನೇಲಿ ವಯಸ್ಸಾದವರಿದ್ರೆ, ಫೈಬರ್ ಇದ್ರೆ, ಮಳೆ ಶುರುವಾಗೋ ಮುಂಚೆ ಮೋಡೆಮ್‌ಗೊಂದು ಸಣ್ಣ ಯುಪಿಎಸ್ ಹಾಕಿಸಿ. ನಿಮ್ಮೂರ ಟವರಿಗೆ ಎಷ್ಟು ಗಂಟೆ ಬ್ಯಾಟರಿ ಇದೆ ಅಂತಾನೂ ಕೇಳಿ. ಆಂಬುಲೆನ್ಸ್‌ಗೆ ಫೋನ್ ಮಾಡೋ ರಾತ್ರಿ ಕೇಳಿದ್ರೆ ತಡ ಆಗಿರುತ್ತೆ.