ಅಂಗಿಯ ಮೇಲೆ ನಮ್ಮದೇ ಹೆಸರು

ಮಗ ಕಾಲೇಜಿಗೆ ಹೊರಟು ನಿಂತಿದ್ದಾನೆ. ಭುಜದ ಹೊಲಿಗೆ ತೋಳಿನ ಅರ್ಧಕ್ಕೆ ಜಾರಿದೆ, ಅರೆತೋಳು ಮೊಣಕೈ ಮುಟ್ಟಿದೆ, ಅಂಗಿಯೊಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗವಿದೆ. 'ಯಾರ ಅಳತೆಗೆ ಹೊಲಿಸಿದ್ದೋ ಇದು?' ಎಂದು ಅಪ್ಪ ಕೇಳುತ್ತಾರೆ. 'ಈಗೆಲ್ಲಾ ಹೀಗೇ ಅಪ್ಪಾ' ಎಂಬ ಉತ್ತರ ಬರುತ್ತದೆ. ಮಾತು ಇಷ್ಟಕ್ಕೇ ನಿಂತರೆ ಚಿಂತೆಯಿಲ್ಲ. ಫ್ಯಾಷನ್ ಎಂದರೆ ಬಂದುಹೋಗುವುದೇ ತಾನೆ? ಅಪ್ಪನ ಕಾಲದ ಬ್ಯಾಗಿ ಪ್ಯಾಂಟಿಗೂ ಅಜ್ಜ ಇದೇ ಪ್ರಶ್ನೆ ಕೇಳಿದ್ದಿರಬಹುದು.

ಆದರೆ ಕೆಲವು ಮನೆಗಳಲ್ಲಿ ಮಾತು ಒಂದು ಹೆಜ್ಜೆ ಮುಂದೆ ಹೋಗುತ್ತದೆ. 'ನಾನೇ ಒಂದು ಬ್ರ್ಯಾಂಡ್ ಶುರು ಮಾಡ್ತೀನಿ, ಸ್ವಲ್ಪ ದುಡ್ಡು ಬೇಕು.' ಬೈಯುವುದಕ್ಕೂ ಮೊದಲು, ದುಡ್ಡು ಕೊಡುವುದಕ್ಕೂ ಮೊದಲು, ಆ ದೊಗಳೆ ಅಂಗಿಯ ತವರಿನಲ್ಲಿ ಒಂದು ಸುತ್ತು ಹಾಕಿ ಬರುವುದು ಒಳ್ಳೆಯದು. ತವರು ಇರುವುದು ಅಮೆರಿಕದಲ್ಲಿ. ಒಂದಿಷ್ಟು ನ್ಯೂಯಾರ್ಕಿನ ಬೀದಿಗಳಲ್ಲಿ, ಇನ್ನೊಂದಿಷ್ಟು ಅಲ್ಲಿನ ದಕ್ಷಿಣದ ಹತ್ತಿ ಸೀಮೆಯಲ್ಲಿ.

ಹತ್ತು ಡಾಲರಿನ ಟೋಪಿ

1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಬಡ ಕೇರಿಗಳಲ್ಲಿ ಹುಟ್ಟಿದ್ದು ಹಿಪ್ ಹಾಪ್. ಹಾಡು, ಕುಣಿತ, ಗೋಡೆಯ ಮೇಲಿನ ಬಣ್ಣದ ಬರಹ ಎಲ್ಲ ಸೇರಿದ ಈ ಬೀದಿ ಸಂಸ್ಕೃತಿಗೆ ತನ್ನದೇ ಆದ ಉಡುಪಿನ ರೀತಿಯೂ ಇತ್ತು. ಆದರೆ ಆ ಹುಡುಗರು ತೊಡುತ್ತಿದ್ದ ಶೂ, ಜಾಕೆಟ್, ಟೋಪಿಗಳನ್ನು ಮಾಡಿ ಲಾಭ ಎಣಿಸುತ್ತಿದ್ದವರು ಹೆಚ್ಚಾಗಿ ಆ ಕೇರಿಗಳ ಕಡೆ ತಲೆ ಹಾಕಿಯೂ ಮಲಗದವರು.

ಕ್ವೀನ್ಸ್ ಭಾಗದ ಹಾಲಿಸ್ ಬಡಾವಣೆಯ ಡೇಮಂಡ್ ಜಾನ್ ಎಂಬ ತರುಣ 1992ರಲ್ಲಿ ಈ ವ್ಯಾಪಾರಕ್ಕೆ ಇಳಿದ. ನೆತ್ತಿಯ ಮೇಲೆ ಜುಟ್ಟಿನಂತೆ ಕಟ್ಟುವ ಬಟ್ಟೆಯ ಟೋಪಿಯೊಂದು ಆಗ ಹುಡುಗರ ಹುಚ್ಚು. ಅಂಗಡಿಯಲ್ಲಿ ಅದಕ್ಕೆ 20 ಡಾಲರ್. ಜಾನ್‌ಗೆ ತಾಯಿ ಹೊಲಿಗೆ ಕಲಿಸಿದ್ದರು. ಪಕ್ಕದ ಮನೆಯ ಗೆಳೆಯನ ಜತೆ ಕೂತು ಎಂಬತ್ತು ತೊಂಬತ್ತು ಟೋಪಿ ಹೊಲಿದು, ಬೀದಿಯಲ್ಲಿ ನಿಂತು ತಲಾ 10 ಡಾಲರಿನಂತೆ ಮಾರಿದ. ಒಂದೇ ದಿನಕ್ಕೆ ಕೈಗೆ ಬಂದದ್ದು ಸುಮಾರು 800 ಡಾಲರ್!

ಮೂವರು ಗೆಳೆಯರು ಜತೆಗೂಡಿದರು. 'ನಮಗಾಗಿ, ನಮ್ಮಿಂದ' ಎಂಬ ಅರ್ಥ ಬರುವ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ 'ಫುಬು' ಎಂದು ಹೆಸರಿಟ್ಟರು. ಜಾಹೀರಾತಿಗೆ ಕಾಸಿಲ್ಲ. ಹತ್ತೇ ಹತ್ತು ಜರ್ಸಿಗಳನ್ನು ಹಾಡುಗಾರರಿಗೆ ವಿಡಿಯೋ ಚಿತ್ರೀಕರಣಕ್ಕೆ ಕೊಡುವುದು, ಮುಗಿದ ಮೇಲೆ ವಾಪಸ್ ತಂದು ಇನ್ನೊಬ್ಬರಿಗೆ ಕೊಡುವುದು, ಹೀಗೆ ಎರಡು ವರ್ಷ ತಿರುಗಿಸಿದರು. ಟಿವಿ ನೋಡುವವರಿಗೆ ಎಲ್ಲ ಕಡೆಯೂ ಫುಬು! 1994ರಲ್ಲಿ ಲಾಸ್ ವೇಗಸ್‌ನ ದೊಡ್ಡ ಉಡುಪು ಮೇಳಕ್ಕೆ ಹೋದರು. ಮಳಿಗೆ ಬಾಡಿಗೆಗೆ ದುಡ್ಡಿಲ್ಲದೆ ಹೋಟೆಲ್ ಕೋಣೆಯಲ್ಲೇ ಬಟ್ಟೆ ಹರಡಿ ವ್ಯಾಪಾರಿಗಳನ್ನು ಕರೆದರು. ಮರಳುವಾಗ ಜೇಬಿನಲ್ಲಿ 3 ಲಕ್ಷ ಡಾಲರ್ ಬೆಲೆಯ ಆರ್ಡರ್ ಇತ್ತು.

ಸಿನಿಮಾ ಆಗಿದ್ದರೆ ಇಲ್ಲಿಗೆ 'ಶುಭಂ'. ನಿಜವಾದ ಕಷ್ಟ ಶುರುವಾದದ್ದು ಇಲ್ಲಿಂದ.

ಅಮ್ಮ ಅಡವಿಟ್ಟ ಮನೆ

ಆರ್ಡರ್ ಎಂದರೆ ಹಣವಲ್ಲ. ಮೊದಲು ಬಟ್ಟೆ ಕೊಳ್ಳಬೇಕು, ಹೊಲಿಯುವವರಿಗೆ ಸಂಬಳ ಕೊಡಬೇಕು. ಅಂಗಡಿಯವನು ಹಣ ಕೊಡುವುದು ಮಾಲು ತಲುಪಿದ ಮೇಲೆ. ಜಾನ್ ಸಾಲಕ್ಕೆ 27 ಬ್ಯಾಂಕುಗಳ ಮೆಟ್ಟಿಲು ಹತ್ತಿ ಇಳಿದ. ಎಲ್ಲರೂ ಇಲ್ಲವೆಂದರು. ಕೊನೆಗೆ ತಾಯಿ ಮನೆಯನ್ನು ಅಡವಿಟ್ಟು 1 ಲಕ್ಷ ಡಾಲರ್ ತಂದುಕೊಟ್ಟರು. ಮನೆಯೇ ಕಾರ್ಖಾನೆಯಾಯಿತು, ಹೊಲಿಗೆ ಯಂತ್ರಗಳು ಬಂದವು. ಆ ಹಣವೂ ಕರಗಿತು. ಉಳಿದ ಚೂರುಪಾರಿನಲ್ಲಿ ತಾಯಿ ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಹಾಕಿಸಿದರು. ನಮ್ಮ ಬಳಿ ಆರ್ಡರ್ ಇದೆ, ಬಂಡವಾಳ ಬೇಕು ಎಂದು. ಅದನ್ನು ಕಂಡು ಬಂದದ್ದು ಸ್ಯಾಮ್‌ಸಂಗ್ ಕಂಪನಿಯ ಜವಳಿ ವಿಭಾಗ. ಇಂದು ನಾವು ಫೋನಿಗೆ ನೆನೆಯುವ ಅದೇ ಸ್ಯಾಮ್‌ಸಂಗ್.

1997ರಲ್ಲಿ ಹಾಡುಗಾರ ಎಲ್ಎಲ್ ಕೂಲ್ ಜೆ ಗ್ಯಾಪ್ ಎಂಬ ದೈತ್ಯ ಕಂಪನಿಯ ಟಿವಿ ಜಾಹೀರಾತಿನಲ್ಲಿ ಫುಬು ಟೋಪಿ ತೊಟ್ಟೇ ಹಾಡಿದ. ಗ್ಯಾಪ್‌ನವರಿಗೆ ಗೊತ್ತಾಗುವಷ್ಟರಲ್ಲಿ ಜಾಹೀರಾತು ಮನೆಮನೆ ತಲುಪಿತ್ತು. 1998ರಲ್ಲಿ ಫುಬು ಮಾರಾಟ 35 ಕೋಟಿ ಡಾಲರ್ ಮುಟ್ಟಿತು. ಆಮೇಲೆ? ಬೇಡಿಕೆಗಿಂತ ಹೆಚ್ಚು ಮಾಲು ಅಂಗಡಿಗಳಲ್ಲಿ ಬಿದ್ದು ರಿಯಾಯಿತಿ ಗೂಡೆಗೆ ಬಂತು. ರಿಯಾಯಿತಿ ಗೂಡೆಯಲ್ಲಿ ಸಿಗುವ ಬಟ್ಟೆಯನ್ನು ಹುಡುಗರು ಹೆಮ್ಮೆಯಿಂದ ತೊಡುವುದಿಲ್ಲ. 2003ರ ಹೊತ್ತಿಗೆ ಕಂಪನಿ ಅಮೆರಿಕದ ಪೇಟೆಯಿಂದ ಬಹುಪಾಲು ಹಿಂದೆ ಸರಿದು ಹೊರದೇಶಗಳತ್ತ ಮುಖ ಮಾಡಿತು.

ಈ ಕಥೆ ಹೇಳುವಾಗ ಸಾಮಾನ್ಯವಾಗಿ ಅಮ್ಮನ ತ್ಯಾಗಕ್ಕೆ ಚಪ್ಪಾಳೆ ಬೀಳುತ್ತದೆ. ಬೀಳಲಿ. ಆದರೆ ಆ ಜಾಹೀರಾತಿಗೆ ಯಾರೂ ಓಗೊಡದಿದ್ದರೆ ಆ ತಾಯಿಗೆ ಮನೆಯೂ ಇರುತ್ತಿರಲಿಲ್ಲ, ನಮಗೆ ಕಥೆಯೂ ಇರುತ್ತಿರಲಿಲ್ಲ. ಮನೆ ಕಳೆದುಕೊಂಡವರ ಹೆಸರು ಪುಸ್ತಕಗಳಲ್ಲಿ ಬರುವುದಿಲ್ಲ.

ನಮ್ಮ ರೂಪಾಯಿಯಲ್ಲೇ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಟಿ ಶರ್ಟಿಗೆ ಬಟ್ಟೆ, ಹೊಲಿಗೆ, ಮುದ್ರಣ ಸೇರಿ 300 ರೂಪಾಯಿ ಎಂದುಕೊಳ್ಳಿ. 300 ಶರ್ಟಿಗೆ 90,000. ಅಂಗಡಿಯವನು ಒಂದಕ್ಕೆ 450ರಂತೆ ಒಪ್ಪಿದರೆ 1,35,000. ಕಾಗದದ ಮೇಲೆ 45,000 ಲಾಭ. ಆದರೆ ಅವನು ಕೊಡುವುದು ಮೂರು ತಿಂಗಳ ನಂತರ. ಅಷ್ಟರಲ್ಲಿ ಮಾಲು ಚೆನ್ನಾಗಿ ಹೋಗುತ್ತಿದೆ, ಇನ್ನೂ 600 ಕಳಿಸು ಎನ್ನುತ್ತಾನೆ. ಅದಕ್ಕೆ 1,80,000 ಬೇಕು. ಕೈಯಲ್ಲಿರುವುದು ಸೊನ್ನೆ. ವ್ಯಾಪಾರ ಬೆಳೆದಷ್ಟೂ ಸಾಲ ಬೆಳೆಯುವುದು ಹೀಗೆ. ವ್ಯಾಪಾರವಿಲ್ಲದೆ ಮುಚ್ಚಿದ ಅಂಗಡಿಯನ್ನು ಎಲ್ಲರೂ ನೋಡಿರುತ್ತಾರೆ. ವ್ಯಾಪಾರ ಹೆಚ್ಚಾಗಿ ಮುಚ್ಚಿದ್ದನ್ನು ಕೆಲವರೇ ಗುರುತಿಸುತ್ತಾರೆ.

ಬೇರೆಯವರ ಗುರುತು

ಇನ್ನೊಂದು ಬೀದಿ, ಹಾರ್ಲೆಮ್‌ನ 125ನೇ ರಸ್ತೆ. ಡ್ಯಾಪರ್ ಡ್ಯಾನ್ ಎಂದೇ ಹೆಸರಾದ ಡೇನಿಯಲ್ ಡೇ 1982ರಲ್ಲಿ ಅಲ್ಲಿ ಅಂಗಡಿ ತೆರೆದ. ಹಗಲೂ ರಾತ್ರಿ ಬಾಗಿಲು ಮುಚ್ಚದ ಅಂಗಡಿ. ಗುಚ್ಚಿ, ಫೆಂಡಿ, ಲೂಯಿ ವಿಟಾನ್ ಮೊದಲಾದ ಯುರೋಪಿನ ದುಬಾರಿ ಕಂಪನಿಗಳ ಗುರುತನ್ನು ಚರ್ಮದ ಮೇಲೆ ತಾನೇ ಮುದ್ರಿಸಿ, ಆ ಕಂಪನಿಗಳು ಕನಸಿನಲ್ಲೂ ಕಾಣದಂಥ ಜಾಕೆಟ್‌ಗಳನ್ನು ಹೊಲಿದುಕೊಟ್ಟ. ಹಾಡುಗಾರರು, ಮುಷ್ಟಿಕಾಳಗದವರು ಸಾಲುಗಟ್ಟಿದರು. ಕೌಶಲ ಅವನದು, ಗುರುತು ಇನ್ನೊಬ್ಬರದು. ದಾಳಿಗಳು ನಡೆದು 1992ರಲ್ಲಿ ಅಂಗಡಿ ಮುಚ್ಚಿತು.

ಕಥೆಗೊಂದು ಬಾಲವಿದೆ. 2017ರಲ್ಲಿ ಗುಚ್ಚಿ ಕಂಪನಿಯೇ ಡ್ಯಾನ್‌ನ ಹಳೆಯ ಜಾಕೆಟ್ಟೊಂದನ್ನು ಹೋಲುವ ಉಡುಪನ್ನು ಪ್ರದರ್ಶಿಸಿತು. ಕಳ್ಳನ ಮನೆಗೇ ಕನ್ನ ಎಂದು ಜನ ಆಡಿಕೊಂಡರು. ಗದ್ದಲವಾದ ಮೇಲೆ ಕಂಪನಿ ಡ್ಯಾನ್ ಜತೆ ಒಪ್ಪಂದ ಮಾಡಿಕೊಂಡು, 2018ರಲ್ಲಿ ಹಾರ್ಲೆಮ್‌ನಲ್ಲೇ ಅವನಿಗೆ ಕಾರ್ಯಾಗಾರ ಹಾಕಿಕೊಟ್ಟಿತು. ಆದರೆ ನಡುವಿನ ಕಾಲು ಶತಮಾನವನ್ನು ಯಾರೂ ಹಿಂತಿರುಗಿಸಲಿಲ್ಲ. ಸಿನಿಮಾ ನಟನ ಮುಖವನ್ನೋ ಕ್ರಿಕೆಟ್ ತಂಡದ ಲಾಂಛನವನ್ನೋ ಟಿ ಶರ್ಟಿಗೆ ಒತ್ತಿ ಮಾರಲು ಹೊರಟ ಹುಡುಗರು ಇದನ್ನೊಮ್ಮೆ ಓದಿಕೊಳ್ಳಬೇಕು.

ದಕ್ಷಿಣದ ಮಾತು

ಹಿಪ್ ಹಾಪ್ ಎಂದರೆ ನ್ಯೂಯಾರ್ಕ್ ಅಥವಾ ಕ್ಯಾಲಿಫೋರ್ನಿಯಾ, ಉಳಿದವರೆಲ್ಲ ಹಳ್ಳಿಗಮಾರರು ಎಂಬ ಭಾವನೆ ಬಹಳ ಕಾಲ ಇತ್ತು. 1995ರಲ್ಲಿ ನ್ಯೂಯಾರ್ಕಿನ ಪ್ರಶಸ್ತಿ ಸಮಾರಂಭವೊಂದರಲ್ಲಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಿಂದ ಬಂದ 'ಔಟ್‌ಕಾಸ್ಟ್' ಜೋಡಿ ವೇದಿಕೆ ಹತ್ತಿದಾಗ ಸಭಿಕರು ಕೂಗಿ ಹಂಗಿಸಿದರು. ಜೋಡಿಯಲ್ಲೊಬ್ಬನಾದ ಆಂಡ್ರೆ, ದಕ್ಷಿಣಕ್ಕೂ ಹೇಳುವ ಮಾತಿದೆ ಎಂದಷ್ಟೇ ಹೇಳಿ ಇಳಿದ. ಮುಂದಿನ ದಶಕಗಳಲ್ಲಿ ಆ ಸಂಗೀತದ ರಾಜಧಾನಿಯೇ ಅಟ್ಲಾಂಟಾಕ್ಕೆ ಸರಿಯಿತು.

ಆ ದಕ್ಷಿಣದ ಉಡುಪಿನ ಬೇರು ಹತ್ತಿ ಹೊಲದಲ್ಲಿದೆ. ಗುಲಾಮಗಿರಿಯ, ಅದು 1865ರಲ್ಲಿ ಕೊನೆಗೊಂಡ ಮೇಲೂ ಗೇಣಿಯ, ಬೆವರಿನ ಬಟ್ಟೆ ಅದು. ಎದೆಪಟ್ಟಿಯ ಒರಟು ಡೆನಿಮ್ ಅಂಗಿ ವಾರಕ್ಕೆ ಆರು ದಿನ. ಏಳನೆಯ ದಿನ ಚರ್ಚಿಗೆ ಇಸ್ತ್ರಿ ಮಾಡಿದ ಸೂಟು, ಹೆಂಗಸರ ತಲೆಗೆ ಬಣ್ಣದ ದೊಡ್ಡ ಹ್ಯಾಟು. 1960ರ ದಶಕದಲ್ಲಿ ನಾಗರಿಕ ಹಕ್ಕಿನ ಹೋರಾಟಕ್ಕೆ ಹಳ್ಳಿಗೆ ಹೋದ ವಿದ್ಯಾರ್ಥಿಗಳು ರೈತರೊಂದಿಗೆ ಬೆರೆಯಲು ತಾವೂ ಡೆನಿಮ್ ತೊಟ್ಟರು. 1992ರಲ್ಲಿ ಹೆಸರು ಮಾಡಿದ ಅಟ್ಲಾಂಟಾದ 'ಅರೆಸ್ಟೆಡ್ ಡೆವಲಪ್‌ಮೆಂಟ್' ತಂಡ ಅದೇ ಎದೆಪಟ್ಟಿ ಉಡುಪಿನಲ್ಲಿ ವೇದಿಕೆಗೆ ಬಂತು. ಅಜ್ಜನ ಹೊಲದ ಬಟ್ಟೆ ಮೊಮ್ಮಗನ ಹೆಮ್ಮೆಯಾಯಿತು.

ಅಲಬಾಮಾ ರಾಜ್ಯದ ನದಿ ತಿರುವಿನಲ್ಲಿರುವ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಹೆಂಗಸರು ಹರಿದ ಕೆಲಸದ ಬಟ್ಟೆಗಳನ್ನು ಕತ್ತರಿಸಿ ಕೌದಿ ಹೊಲಿಯುತ್ತಿದ್ದರು. ಚಳಿಗೆ ಹೊದೆಯಲು ಮಾಡಿದ ಅವು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಕಲಾ ಸಂಗ್ರಹಾಲಯದ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಗಳಾದವು. ದೂರದ ಮಾತೆನ್ನಬೇಡಿ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳಿಂದ ಕವಂದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವ ಹೊಲಿಗೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು. ಅದಿಲ್ಲದೆ ಕವಂದಿ ಪೂರ್ತಿಯಾಗದು. ಎರಡು ಖಂಡಗಳ ಈ ಹೊದಿಕೆಗಳನ್ನು ಪಕ್ಕಪಕ್ಕ ಇಟ್ಟರೆ ಅಕ್ಕತಂಗಿಯರಂತೆ ಕಾಣುತ್ತವೆ.

ಊರಿಗೆ ಮರಳಿದ ಇಬ್ಬರು

ಅಲಬಾಮಾದ ಫ್ಲಾರೆನ್ಸ್ ಒಂದು ಕಾಲಕ್ಕೆ ಟಿ ಶರ್ಟಿನ ರಾಜಧಾನಿ ಎನಿಸಿದ್ದ ಊರು. 1994ರಲ್ಲಿ ಮೆಕ್ಸಿಕೋ, ಕೆನಡಾಗಳೊಂದಿಗೆ ಮುಕ್ತ ವ್ಯಾಪಾರದ ಒಪ್ಪಂದ ಜಾರಿಯಾದ ಮೇಲೆ ಹೊಲಿಗೆಯ ಕೆಲಸ ಗಡಿ ದಾಟಿತು, ಕಾರ್ಖಾನೆಗಳಿಗೆ ಬೀಗ ಬಿತ್ತು. ಕೈಚಳಕ ಮಾತ್ರ ಊರಿನಲ್ಲೇ ಉಳಿಯಿತು.

ಆ ಊರಿನ ಮಗಳು ನಟಾಲಿ ಚಾನಿನ್ 2000ದಲ್ಲಿ ನ್ಯೂಯಾರ್ಕಿನಲ್ಲಿದ್ದಳು. ಹಳೆಯ ಟಿ ಶರ್ಟುಗಳನ್ನು ಬಿಚ್ಚಿ, ಕತ್ತರಿಸಿ, ಕೈಯಿಂದ ಹೊಸದಾಗಿ ಹೊಲಿದಳು. ಹೀಗೇ ಇನ್ನೂರು ಬೇಕೆಂದು ನಗರದ ಕಾರ್ಖಾನೆಗಳಿಗೆ ಅಲೆದರೆ ಯಾರಿಗೂ ಅದು ಅರ್ಥವಾಗಲಿಲ್ಲ. ತನಗೆ ಬೇಕಾದದ್ದು ಊರಿನ ಅಜ್ಜಿಯರ ಕೌದಿ ಹೊಲಿಗೆ ಎಂದು ಹೊಳೆದದ್ದೇ ಗಂಟುಮೂಟೆ ಕಟ್ಟಿ ಮರಳಿದಳು. ಮೊದಲ ಸಂಸ್ಥೆಯಿಂದ 2006ರಲ್ಲಿ ಹೊರಬಂದು 'ಅಲಬಾಮಾ ಚಾನಿನ್' ಕಟ್ಟಿದಳು. ವಿಶೇಷವೆಂದರೆ, ತನ್ನ ಹೊಲಿಗೆಯ ಗುಟ್ಟನ್ನು ಮುಚ್ಚಿಡದೆ ಪುಸ್ತಕ ಬರೆದು ಹೇಳಿಕೊಟ್ಟಳು. ಕೊಳ್ಳಲಾಗದವರು ಹೊಲಿದುಕೊಳ್ಳಲಿ ಎಂದು.

ಲೂಯಿಸಿಯಾನಾದ ಬಿಲ್ಲಿ ರೀಡ್‌ನ ತಾಯಿ ಅಜ್ಜಿಯ ಹಳೆಯ ಮನೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದರು. ಮಗ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ, 2001ರಲ್ಲಿ ದೊಡ್ಡ ಪ್ರಶಸ್ತಿಯೂ ಬಂತು. ಆ ವರ್ಷದ ಸೆಪ್ಟೆಂಬರ್ 10ರಂದು ಅವನ ಪ್ರದರ್ಶನ. ಮರುದಿನ ಅವಳಿ ಗೋಪುರ ಉರುಳಿದವು, ಆರ್ಡರುಗಳೂ ಉರುಳಿದವು. ಕಂಪನಿ ಮುಚ್ಚಿತು. ಹೆಂಡತಿಯ ತವರಾದ ಫ್ಲಾರೆನ್ಸ್‌ಗೆ ಸಂಸಾರ ಸಾಗಿಸಿ 2004ರಲ್ಲಿ ಮತ್ತೆ ಶುರುಮಾಡಿದ. ಈ ಸಲ ತನ್ನದೇ ಅಂಗಡಿಗಳಲ್ಲಿ ಮಾರಿದ. 2012ರಲ್ಲಿ ಇವರಿಬ್ಬರೂ ಸೇರಿ ಊರ ಹತ್ತಿರ ಆರೇಳು ಎಕರೆ ಹತ್ತಿ ಬಿತ್ತಿ, ಕೈಯಿಂದ ಬಿಡಿಸಿ ಬಟ್ಟೆ ಮಾಡಿದ್ದೂ ಉಂಟು. ಲಾಭದ ಲೆಕ್ಕದಲ್ಲಿ ಅದು ಹುಚ್ಚಾಟವೇ. ಆದರೆ ಹತ್ತಿ ಎಲ್ಲಿಂದ ಬರುತ್ತದೆಂದು ಅವರಿಗೆ ಗೊತ್ತು.

ಹೋಲಿಕೆಗೆ ನೋಡಿ: ಜಗತ್ತಿಗೇ ಗೊತ್ತಿದ್ದ ಆಂಡ್ರೆ 2008ರಲ್ಲಿ 'ಬೆಂಜಮಿನ್ ಬಿಕ್ಸ್‌ಬಿ' ಎಂಬ ಉಡುಪಿನ ಸಾಲು ತಂದ. ಹೆಸರಿಗೇನೂ ಕಡಿಮೆಯಿರಲಿಲ್ಲ. ಆದರೂ ಅದು ಹೆಚ್ಚು ಕಾಲ ಬಾಳಲಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಈಗ ನಮ್ಮ ಹುಡುಗರ ವಿಷಯ. ಅಮೆರಿಕದ ದಕ್ಷಿಣವನ್ನು ಇಲ್ಲಿ ನಕಲು ಮಾಡುವುದರಲ್ಲಿ ಅರ್ಥವಿಲ್ಲ. ಇಳಕಲ್ಲಿನ ದಡಿ, ಗುಳೇದಗುಡ್ಡದ ಖಣ ನಮ್ಮ ಬೀದಿಯಲ್ಲೇ ಇರುವಾಗ ಎಂದು ನನಗನ್ನಿಸುತ್ತದೆ. ಆದರೆ ಅದನ್ನು ಅಂಗಿಗೆ ತರುವ ಮೊದಲು ನೇಯುವವರ ಮನೆಗೆ ಹೋಗಿ ಬರಬೇಕು, ಅವರಿಗೆ ಸಲ್ಲುವ ಬೆಲೆ ಮೊದಲೇ ಮಾತಾಡಬೇಕು.

ತಂದೆತಾಯಂದಿರು ಮನೆಪತ್ರ ತೆಗೆಯುವುದು ಬೇಡ. ಮೊದಲ ಸಲ ಐವತ್ತು ಅಂಗಿ ಸಾಕು, ಅದೂ ನಗದಿಗೆ, ಕಾಲೇಜಿನ ಹಬ್ಬದಲ್ಲಿ ತಾನೇ ಮೇಜು ಹಾಕಿ ನಿಂತು. ಎಷ್ಟು ಮಾರಿತು ಎಂದು ಕೇಳಬೇಡಿ, ಯಾವ ಅಳತೆಯದು ಎಷ್ಟು ಉಳಿಯಿತು ಎಂದು ಕೇಳಿ. ಮಧ್ಯದ ಅಳತೆಗಳು ಹೋಗಿ ತೀರಾ ಚಿಕ್ಕದು, ತೀರಾ ದೊಡ್ಡದು ಮಂಚದಡಿ ಸೇರುವುದೇ ಹೆಚ್ಚು. ಹೆಸರನ್ನು ಮೊದಲೇ ಕಾಪಾಡಿಕೊಳ್ಳಬೇಕು. ಟ್ರೇಡ್‌ಮಾರ್ಕ್ ಕಚೇರಿಯಲ್ಲಿ ಉಡುಪಿಗೆ 25ನೇ ವರ್ಗ. ವ್ಯಕ್ತಿಯೊಬ್ಬ ಆನ್‌ಲೈನಿನಲ್ಲಿ ಹಾಕುವ ಅರ್ಜಿಗೆ ಸರ್ಕಾರಿ ಶುಲ್ಕ 4,500 ರೂಪಾಯಿ, ನೋಂದಣಿಯಾದರೆ ಹತ್ತು ವರ್ಷ ಬಾಳಿಕೆ. ಅದೇ ಹೆಸರು ಬೇರೆಯವರದಾಗಿದೆಯೇ ಎಂದು ಹುಡುಕಿ ನೋಡಲು ಕಾಸು ಬೇಕಿಲ್ಲ.

ಹೊಲಿಗೆ ಗೊತ್ತಿಲ್ಲದೆ ಈ ದಾರಿ ಹಿಡಿಯಬಾರದು. ದೊಡ್ಡ ಅಳತೆಯ ಅಂಗಿ ಕೊಟ್ಟರೆ ದೊಗಳೆ ಅಂಗಿಯಾಗುವುದಿಲ್ಲ; ಕುತ್ತಿಗೆಯೂ ಅಗಲವಾಗಿ ಇಳಿಬೀಳುತ್ತದೆ. ಭುಜ ಇಳಿಸಿ ಕುತ್ತಿಗೆ ಬಿಗಿಯಾಗಿಡಲು ಬೇರೆಯೇ ಕಟಿಂಗ್ ಬೇಕು. ಕೇರಿಯ ದರ್ಜಿಯ ಪಕ್ಕ ಒಂದು ರಜೆ ಕೂತರೆ ತಿಳಿಯುವ ವಿಷಯ. ಬಟ್ಟೆಯ ತೂಕವನ್ನು ವ್ಯಾಪಾರಿಗಳು ಜಿಎಸ್ಎಂ ಎನ್ನುತ್ತಾರೆ, ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು. 180 ಮಾಮೂಲು, ದೊಗಳೆ ಅಂಗಿ ಮೈಮೇಲೆ ನಿಲ್ಲಬೇಕಾದರೆ 220ರಿಂದ 240 ಬೇಕಾಗುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ. ತಿರುಪ್ಪೂರಿನ ಬನಿಯನ್ ಬಟ್ಟೆ ತಂದರೆ ಒಗೆಯದೆ ಕತ್ತರಿ ಹಾಕಬೇಡಿ. 28 ಅಂಗುಲ ಉದ್ದದ ಅಂಗಿ ನೂರಕ್ಕೆ ಐದರಷ್ಟು ಕುಗ್ಗಿದರೆ ಹತ್ತಿರ ಹತ್ತಿರ ಒಂದೂವರೆ ಅಂಗುಲ ಹೋಯಿತು. ಒಂದು ಮೊಳ ಬಟ್ಟೆಯ ಮೇಲೆ ಪೆನ್ನಿನಲ್ಲಿ ಅಳತೆ ಗುರುತು ಹಾಕಿ, ಭಾನುವಾರ ಬಕೆಟ್ಟಿನಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಮತ್ತೆ ಅಳೆಯಿರಿ. ಮೂರು ಸಲ.