ಹಾಡು ಹುಟ್ಟಿದ ಕಥೆ

ಹೆಸರಾದ ಹಾಡೊಂದಕ್ಕೆ ವಯಸ್ಸಾದಂತೆಲ್ಲ ಅದರ ಸುತ್ತ ಒಂದು ಕಥೆಯೂ ಬೆಳೆಯುತ್ತದೆ. ಪಶ್ಚಿಮದ ಪಾಪ್ ಮತ್ತು ರಾಕ್ ಸಂಗೀತದಲ್ಲಂತೂ ಇಂಥ ಕಥೆಗಳದೇ ಒಂದು ಭಂಡಾರವಿದೆ. 1960ರ ದಶಕದಲ್ಲಿ ಇಪ್ಪತ್ತರ ಹರೆಯದವರಾಗಿದ್ದ ಗಾಯಕರಲ್ಲಿ ಈಗ ಉಳಿದಿರುವವರು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಆತ್ಮಕಥೆಗಳಲ್ಲಿ, ಸಂದರ್ಶನಗಳಲ್ಲಿ ತಮ್ಮ ಹಾಡು ಹುಟ್ಟಿದ ಗಳಿಗೆಯನ್ನು ಅವರು ಮತ್ತೆ ಮತ್ತೆ ಬಣ್ಣಿಸುತ್ತ ಬಂದಿದ್ದಾರೆ. ನಾನು ಇವನ್ನು ಆಸೆಯಿಂದ ಓದುವವನು. ಆದರೆ ಸ್ವಾರಸ್ಯಕ್ಕಾಗಿ ಮಾತ್ರ ಓದಿ ಬದಿಗಿಡುವಂಥವಲ್ಲ ಇವು. ಹಾಡು ಯಾರದು ಎಂಬ ಪ್ರಶ್ನೆ ಈ ನೆನಪುಗಳೊಳಗೆ ಅಡಗಿ ಕುಳಿತಿರುತ್ತದೆ. ಆ ಪ್ರಶ್ನೆಯಲ್ಲಿ ಮಾನವೂ ಉಂಟು, ಹಣವೂ ಉಂಟು.

ಕೆಲವು ಕಥೆಗಳ ಬಗೆಗೆ ತಕರಾರಿಲ್ಲ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋ ಪಟ್ಟಣದ ಕ್ಯಾಸಿನೋದಲ್ಲಿ ಫ್ರಾಂಕ್ ಜಪ್ಪಾ ಅವರ ಕಛೇರಿ ನಡೆಯುತ್ತಿದ್ದಾಗ ಕಟ್ಟಡಕ್ಕೆ ಬೆಂಕಿ ಬಿತ್ತು. ಅಲ್ಲಿಯೇ ಧ್ವನಿಮುದ್ರಣ ನಡೆಸಲೆಂದು ಬಂದಿದ್ದ ಡೀಪ್ ಪರ್ಪಲ್ ತಂಡದವರು ಜಿನೀವಾ ಸರೋವರದ ಮೇಲೆ ಹೊಗೆ ಹರಡುವುದನ್ನು ನೋಡಿದರು. 'ಸ್ಮೋಕ್ ಆನ್ ದಿ ವಾಟರ್' ಎಂಬ ಹೆಸರೇ ಆ ನೋಟದ ವರದಿ. ಊರಿಗೆ ಊರೇ ಅದಕ್ಕೆ ಸಾಕ್ಷಿ.

ಒಬ್ಬನೇ ಇದ್ದಾಗ, ಅದೂ ನಿದ್ದೆಯಲ್ಲಿ ಬಂದ ಹಾಡಿಗೆ ಸಾಕ್ಷಿ ಯಾರು? ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವರ 'ಯೆಸ್ಟರ್‌ಡೇ' ಅಂಥದು. ಲಂಡನ್ನಿನ ವಿಂಪೋಲ್ ಬೀದಿಯಲ್ಲಿ, ಆಗಿನ ಗೆಳತಿ ಜೇನ್ ಆಷರ್ ಅವರ ಮನೆಯಲ್ಲಿ, ಒಂದು ಬೆಳಗ್ಗೆ ಅವರು ಎದ್ದಾಗ ಇಡೀ ಮಟ್ಟು ತಲೆಯಲ್ಲಿತ್ತಂತೆ. ಹಾಸಿಗೆಯ ಪಕ್ಕದಲ್ಲಿದ್ದ ಪಿಯಾನೋದ ಮೇಲೆ ಅದನ್ನು ನುಡಿಸಿ ನೋಡಿದರು. ಇಷ್ಟು ಸಲೀಸಾಗಿ ಬಂದದ್ದು ತನ್ನದಾಗಿರಲಾರದು, ಎಲ್ಲಿಯೋ ಕೇಳಿದ್ದಾಗಿರಬೇಕು ಎಂಬ ಸಂಶಯ ಅವರನ್ನು ಹಿಡಿಯಿತು. ಸಿಕ್ಕಸಿಕ್ಕ ಸಂಗೀತಗಾರರಿಗೆ ಹಾಡಿ ತೋರಿಸಿ, ಇದು ಯಾರದೆಂದು ಬಲ್ಲಿರಾ ಎಂದು ವಿಚಾರಿಸುತ್ತ ಕೆಲವು ಕಾಲ ತಿರುಗಿದರು. ಯಾರೂ ಹಕ್ಕು ಹೇಳದಾಗ ತನ್ನದೆಂದು ಒಪ್ಪಿಕೊಂಡರು. ಮಾತುಗಳು ಹೊಂದುವವರೆಗೆ 'ಸ್ಕ್ರ್ಯಾಂಬಲ್ಡ್ ಎಗ್ಸ್' ಎಂದು ಮೊಟ್ಟೆಯ ತಿಂಡಿಯ ಹೆಸರನ್ನೇ ಹಾಡಿಕೊಳ್ಳುತ್ತಿದ್ದರು. ಮೊದಲು ಮಟ್ಟು, ಅನಂತರ ಮಾತು ಎಂಬ ನಮ್ಮ ಚಿತ್ರಗೀತೆಗಳ ಪದ್ಧತಿಯನ್ನು ಬಲ್ಲವರಿಗೆ ಇದೇನೂ ಸೋಜಿಗವಲ್ಲ. 1965ರ ಜೂನ್ 14ರಂದು ಮೆಕಾರ್ಟ್ನಿ ಒಬ್ಬರೇ ಗಿಟಾರ್ ಹಿಡಿದು ಇದನ್ನು ಹಾಡಿದರು. ಮೂರು ದಿನಗಳ ಬಳಿಕ ನಾಲ್ವರು ತಂತಿವಾದ್ಯಗಾರರ ನುಡಿಸಾಣಿಕೆ ಸೇರಿತು. ಹೀಗಿದ್ದರೂ, ಯೌವನದ ಒಪ್ಪಂದಕ್ಕೆ ಅನುಸಾರವಾಗಿ, ಕರ್ತೃಗಳೆಂದು ಅಚ್ಚಾದದ್ದು ಲೆನನ್ ಮತ್ತು ಮೆಕಾರ್ಟ್ನಿ ಇಬ್ಬರ ಹೆಸರೂ, ಲೆನನ್ ಅವರದು ಮೊದಲು.

ಈ ಕಥೆ ಅಲ್ಲಿಗೇ ನಿಂತಿಲ್ಲ. ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, 1956ರಲ್ಲಿ, ತೀರಿಕೊಂಡ ತಾಯಿಯ ಅಗಲಿಕೆ ಆ ಪದಗಳಲ್ಲಿ ಅರಿವಿಲ್ಲದೆ ಸೇರಿಕೊಂಡಿರಬಹುದು ಎಂದು ಮೆಕಾರ್ಟ್ನಿ ಮುಪ್ಪಿನಲ್ಲಿ ಹೇಳತೊಡಗಿದರು. ಇದನ್ನು ಕಟ್ಟುಕಥೆ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಇದು 1965ರ ನೆನಪಲ್ಲ; ತನ್ನ ಹಾಡನ್ನು ಮುದುಕನಾಗಿ ಕೇಳಿದ ಮನುಷ್ಯ ಅದಕ್ಕೆ ಬರೆದ ವ್ಯಾಖ್ಯಾನ. ಹಾಡು ಕಟ್ಟಿದವನೂ ಕಾಲ ಕಳೆದಂತೆ ಅದರ ಕೇಳುಗರಲ್ಲಿ ಒಬ್ಬನಾಗುತ್ತಾನೆ.

ಮೆಕಾರ್ಟ್ನಿ ಅವರ ಸಂಶಯ ಹುರುಳಿಲ್ಲದ್ದಲ್ಲವೆಂಬುದಕ್ಕೆ ಅದೇ ತಂಡದ ಜಾರ್ಜ್ ಹ್ಯಾರಿಸನ್ ಅವರಿಗೆ ಒದಗಿದ ಪಾಡೇ ಸಾಕ್ಷಿ. 1970ರಲ್ಲಿ ಹೊರಬಂದ 'ಮೈ ಸ್ವೀಟ್ ಲಾರ್ಡ್' ಅವರ ಭಕ್ತಿಗೀತೆ; ಕ್ರೈಸ್ತರ ಹಲ್ಲೆಲೂಯದ ಜೊತೆಗೆ ಹರೇಕೃಷ್ಣ ನಾಮವೂ ಅದರಲ್ಲಿ ಕೇಳಿಬರುತ್ತದೆ. ಎಡ್ವಿನ್ ಹಾಕಿನ್ಸ್ ತಂಡದವರ 'ಓ ಹ್ಯಾಪಿ ಡೇ' ಎಂಬ ಹಾಡಿನಿಂದ ತನಗೆ ಸ್ಫೂರ್ತಿ ಬಂದಿತೆಂದು ಹ್ಯಾರಿಸನ್ ಹೇಳಿದರು. ಆದರೆ ಷಿಫಾನ್ಸ್ ಎಂಬ ಹುಡುಗಿಯರ ತಂಡ 1963ರಲ್ಲಿ ಹಾಡಿದ್ದ 'ಹೀಸ್ ಸೋ ಫೈನ್' ಹಾಡಿನ ಒಡೆಯರು, ಮಟ್ಟು ನಮ್ಮದೆಂದು ದಾವೆ ಹೂಡಿದರು. ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಪ್ರಕರಣದ ವಿಚಾರಣೆ ನಡೆಸಿದ ರಿಚರ್ಡ್ ಓವನ್ ಸ್ವತಃ ಸಂಗೀತ ರಚಿಸುತ್ತಿದ್ದವರು. ಹ್ಯಾರಿಸನ್ ಬೇಕೆಂದೇ ಕದ್ದವರಲ್ಲ, ಆದರೆ ಹಿಂದೆ ಕೇಳಿದ ಹಾಡು ಅವರ ಸುಪ್ತಮನಸ್ಸಿನಿಂದ ಎದ್ದು ಬಂದಿದೆ, ಕಾನೂನಿನ ದೃಷ್ಟಿಗೆ ಅದೂ ಹಕ್ಕಿನ ಉಲ್ಲಂಘನೆಯೇ ಎಂದು 1976ರಲ್ಲಿ ಅವರು ತೀರ್ಪಿತ್ತರು. ಹುಟ್ಟಿದ ಕಥೆಯನ್ನು ಹ್ಯಾರಿಸನ್ ಪ್ರಾಮಾಣಿಕವಾಗಿಯೇ ಹೇಳಿದರು. ನೆನಪಿಗೆ ಬಾರದಿದ್ದ ಭಾಗವೇ ಅವರನ್ನು ಸೋಲಿಸಿತು.

ಇಷ್ಟೆಲ್ಲ ಹೋರಾಟಕ್ಕೆ ಕಾರಣವೇನೆಂಬುದನ್ನು ಇಲ್ಲಿ ಹೇಳಬೇಕು. ಹಾಡೊಂದು ಮಾರಾಟವಾದಾಗ, ಬಾನುಲಿಯಲ್ಲಿ ಬಿತ್ತರವಾದಾಗ, ಮಟ್ಟು ಹಾಕಿದವರಿಗೂ ಪದ ಬರೆದವರಿಗೂ ಗೌರವಧನ ಸಲ್ಲುತ್ತ ಹೋಗುತ್ತದೆ. ಅವರು ಸತ್ತ ಅನಂತರ ವಾರಸುದಾರರಿಗೆ ಸಲ್ಲುತ್ತದೆ. ದಿನಗೂಲಿಯ ಮೇಲೆ ಬಂದು ನುಡಿಸಿದವರಿಗೆ, ಹಾಡಿದವರಿಗೆ ಈ ಕರ್ತೃತ್ವದ ಪಾಲಿಲ್ಲ. ಒಂದು ಕೊಠಡಿಯಲ್ಲಿ ಐವರು ಕುಳಿತು ಹಾಡನ್ನು ಕಟ್ಟಿದಾಗ, ರಚನೆ ಎಲ್ಲಿ ಮುಗಿದು ನುಡಿಸಾಣಿಕೆ ಎಲ್ಲಿ ತೊಡಗಿತೆಂದು ಗೆರೆ ಎಳೆಯುವುದು ಸುಲಭವಲ್ಲ.

ಪ್ರೋಕೋಲ್ ಹಾರಮ್ ತಂಡದ 'ಎ ವೈಟರ್ ಶೇಡ್ ಆಫ್ ಪೇಲ್' ಬಂದದ್ದು 1967ರಲ್ಲಿ. ಕೇಳಿದವರ ಕಿವಿಯಲ್ಲಿ ನಿಲ್ಲುವುದು ಬಾಖ್‌ನ ನೆರಳುಳ್ಳ ಅದರ ಆರ್ಗನ್ ವಾದನ. ಅದನ್ನು ನುಡಿಸಿದವರು ಮ್ಯಾಥ್ಯೂ ಫಿಶರ್. ಕರ್ತೃಗಳೆಂದು ದಾಖಲಾದವರು ಗ್ಯಾರಿ ಬ್ರೂಕರ್ ಮತ್ತು ಕೀತ್ ರೀಡ್. ಸುಮಾರು ನಾಲ್ಕು ದಶಕ ಸುಮ್ಮನಿದ್ದ ಫಿಶರ್ 2005ರಲ್ಲಿ ದಾವೆ ಹೂಡಿದರು. ಹಳೆಯ ಗೆಳೆಯರು ಕಟಕಟೆಯಲ್ಲಿ ಎದುರುಬದುರಾಗಿ ತಮ್ಮ ಯೌವನವನ್ನು ನೆನಪಿಸಿಕೊಳ್ಳಬೇಕಾಯಿತು. 2006ರಲ್ಲಿ ಉಚ್ಚ ನ್ಯಾಯಾಲಯ ಸಂಗೀತದ ಹಕ್ಕಿನಲ್ಲಿ ಶೇಕಡ 40ರಷ್ಟು ಪಾಲನ್ನು ಫಿಶರ್ ಅವರಿಗೆ ಕೊಟ್ಟಿತು. ಇಷ್ಟು ತಡಮಾಡಿದವರಿಗೆ ಹಣವಿಲ್ಲವೆಂದು 2008ರಲ್ಲಿ ಮೇಲ್ಮನವಿಯ ಪೀಠ ಹೇಳಿದರೆ, 2009ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು ಒಮ್ಮತದಿಂದ ಆ ಮಾತನ್ನು ತಳ್ಳಿಹಾಕಿದರು. ಸಂದುಹೋದ ವರ್ಷಗಳ ಹಣ ಮಾತ್ರ ಫಿಶರ್ ಅವರಿಗೆ ದಕ್ಕಲಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಕ್ಲೇರ್ ಟೋರಿ ಎಂಬ ಗಾಯಕಿಯ ಕಥೆ. 1973ರ ಜನವರಿಯ ಒಂದು ಭಾನುವಾರ ಪಿಂಕ್ ಫ್ಲಾಯ್ಡ್ ತಂಡದವರು ಆಕೆಯನ್ನು ಕರೆಸಿಕೊಂಡರು. 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ' ಎಂಬ, ಸಾವನ್ನು ಕುರಿತ ರಚನೆಗೆ ಪದಗಳಿರಲಿಲ್ಲ. ತನ್ನ ಕಂಠವೇ ಒಂದು ವಾದ್ಯವೆಂದು ಭಾವಿಸಿ ಆಕೆ ಆಲಾಪಿಸಿದಳು. ಆ ಕೂಗು, ಆ ಬಿಕ್ಕು ಯಾರೂ ಬರೆದುಕೊಟ್ಟದ್ದಲ್ಲ. ಭಾನುವಾರವಾದುದರಿಂದ ಇಮ್ಮಡಿ ಕೂಲಿ: 30 ಪೌಂಡು. ತನ್ನ ಹಾಡಿಕೆಯನ್ನು ಅವರು ಬಳಸಲಾರರೆಂದೇ ಎಣಿಸಿ ಮನೆಗೆ ಹೋದ ಆಕೆಗೆ, ಬಳಸಿದ್ದಾರೆಂದು ತಿಳಿದದ್ದು ಅಂಗಡಿಯಲ್ಲಿ ಆ ಮುದ್ರಿಕೆಯನ್ನು ಕಂಡಾಗ. ಅದು ಕೋಟಿಗಟ್ಟಲೆ ಮಾರಾಟವಾಯಿತು. 2004ರಲ್ಲಿ ಆಕೆ ದಾವೆ ಹೂಡಿದಳು. ಮರುವರ್ಷ ನ್ಯಾಯಾಲಯದ ಹೊರಗೇ ರಾಜಿಯಾಯಿತು. ಅಲ್ಲಿಂದೀಚೆಗೆ ಅಚ್ಚಾದ ಮುದ್ರಿಕೆಗಳಲ್ಲಿ ಆ ರಚನೆಯ ಕೆಳಗೆ ರಿಚರ್ಡ್ ರೈಟ್, ಕ್ಲೇರ್ ಟೋರಿ ಎಂಬ ಎರಡು ಹೆಸರುಗಳಿವೆ.